ಹದಿನೈದಕ್ಕೂ ಒಂಬತ್ತಕ್ಕೂ ನಡುವೆ

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಕಾಲೇಜುಗಳ ಪ್ರವೇಶ ಶುಲ್ಕವನ್ನು ಆನ್‌ಲೈನಿನಲ್ಲಿ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದನ್ನು ನಾವು ನಡೆಸುತ್ತಿದ್ದೆವು. ಮನೆಯವರು ಮೊಬೈಲಿನಲ್ಲಿ ಹಣ ಕಟ್ಟುತ್ತಾರೆ, ಹಣ ಬಂತೆಂದು ಬ್ಯಾಂಕು ನಮಗೆ ಹೇಳುತ್ತದೆ, ನಾವು ರಸೀದಿ ಕಳಿಸುತ್ತೇವೆ. ಇಷ್ಟೇ ಕೆಲಸ. ಒಂದು ಬುಧವಾರ ಬೆಳಿಗ್ಗೆ ಸಹಾಯವಾಣಿಗೆ ಬಂದ ಕರೆಯೊಂದನ್ನು ನನಗೆ ದಾಟಿಸಿದರು. ಆ ಕಡೆ ಹಾವೇರಿಯ ಹತ್ತಿರದ ಹಳ್ಳಿಯೊಂದರ ತಂದೆ. "ರೊಕ್ಕ ಕಟ್ ಆಗೈತ್ರಿ, ರಸೀದಿ ಬಂದಿಲ್ರಿ. ಕಾಲೇಜಿನ್ಯಾಗ ಕೇಳಿದ್ರ ಕಟ್ಟೇ ಇಲ್ಲ ಅಂತಾರ. ನಾಳೆ ಕಡೇ ದಿನ ಐತ್ರಿ" ಎಂದರು. ಸಿಟ್ಟಿರಲಿಲ್ಲ, ಗಾಬರಿಯಿತ್ತು. ನಾನು ಹುಡುಕಿದೆ. ಬ್ಯಾಂಕಿನ ಲೆಕ್ಕದಲ್ಲಿ ಹಣ ಬಂದಿತ್ತು. ನಮ್ಮ ಲೆಕ್ಕದಲ್ಲಿ ಆ ಹುಡುಗಿಯ ಹೆಸರೇ ಇರಲಿಲ್ಲ.

ಅವರ ಕೆಲಸವನ್ನು ಕೈಯಿಂದಲೇ ಸರಿಮಾಡಿ, ಬ್ಯಾಂಕಿನವರನ್ನು ಬೈದು ಸುಮ್ಮನಾದೆ. ಮುಂದಿನ ಬುಧವಾರ ಮತ್ತೆ ಅಂಥವೇ ನಾಲ್ಕು ಕರೆ ಬಂದವು. ಆಗ ಹೊಳೆದದ್ದು, ನಾವು ಹೊಸ ಆವೃತ್ತಿಯನ್ನು ಏರಿಸುವುದು ಪ್ರತಿ ಮಂಗಳವಾರ ಸಂಜೆ. ಹಳೆಯ ಕಂಟೈನರ್‌ಗಳು ನಿಂತು ಹೊಸವು ಶುರುವಾಗುವ ಹೊತ್ತದು. ನಿಂತ ಕಂಟೈನರ್‌ಗಳ ದಾಖಲೆ ತೆಗೆದು ನೋಡಿದರೆ ಪ್ರತಿಯೊಂದರ ಎದುರಿಗೂ ಒಂದೇ ಸಂಖ್ಯೆ: 137.

ಆ ಸಂಖ್ಯೆಯ ಬೆನ್ನು ಹತ್ತಿ ಹೋದಾಗ ನಾನು ತಲುಪಿದ್ದು 1969ಕ್ಕೆ. ಕಂಟೈನರ್‌ಗಳ ಚರಿತ್ರೆಯನ್ನು ಸಾಮಾನ್ಯವಾಗಿ ಗೋಡೆಗಳ ಚರಿತ್ರೆಯಾಗಿ ಹೇಳುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ಒಬ್ಬರ ಪ್ರೋಗ್ರಾಂ ಇನ್ನೊಬ್ಬರದಕ್ಕೆ ಕಾಣದ ಹಾಗೆ ಹೇಗೆ ಬೇಲಿ ಹಾಕಿದರು, ಬೇಲಿ ಹೇಗೆ ಗಟ್ಟಿಯಾಗುತ್ತ ಬಂತು ಎಂಬ ಕಥೆ ಅದು. ಅದು ಸುಳ್ಳಲ್ಲ. ಆದರೆ ನನ್ನನ್ನು ಕಾಡಿದ್ದು ಅದರ ಪಕ್ಕದಲ್ಲೇ ಸಾಗಿಬಂದ, ಯಾರೂ ಅಷ್ಟಾಗಿ ಹೇಳದ ಇನ್ನೊಂದು ಕಥೆ. ಓಡುತ್ತಿರುವ ಪ್ರೋಗ್ರಾಂಗೆ ಇನ್ನು ಸಾಕು ಎಂದು ಹೇಳುವುದು ಹೇಗೆ? ಹೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ಸತ್ತ ಮೇಲೆ ಅದರ ಲೆಕ್ಕ ಚುಕ್ತಾ ಮಾಡುವವರು ಯಾರು?

ಕಂಪ್ಯೂಟರಿನ ಪರಿಚಯ ಕಡಿಮೆಯಿರುವ ಓದುಗರಿಗೆ ಒಂದೆರಡು ಮಾತು. ಬರೆದಿಟ್ಟ ಪ್ರೋಗ್ರಾಂ ಒಂದು ಪಾಕವಿಧಾನವಿದ್ದ ಹಾಗೆ. ಅದು ನಿಜವಾಗಿ ಓಡತೊಡಗಿದಾಗ ಅದಕ್ಕೆ ಪ್ರೊಸೆಸ್ ಎನ್ನುತ್ತಾರೆ. ಪ್ರತಿ ಪ್ರೊಸೆಸ್‌ಗೂ ಒಂದು ಸಂಖ್ಯೆ. ಕಂಟೈನರ್ ಎಂದರೆ ಬೇಕಾದ ಕಡತಗಳ ಜೊತೆಗೆ, ತನ್ನ ಸುತ್ತ ಬೇಲಿ ಹಾಕಿಕೊಂಡು ಓಡುವ ಪ್ರೊಸೆಸ್ ಅಥವಾ ಕೆಲವು ಪ್ರೊಸೆಸ್‌ಗಳ ಗುಂಪು. ಹಡಗಿನ ಕಂಟೈನರ್ ಚಿತ್ರ ಮನಸ್ಸಿಗೆ ಬಂದರೆ ತಪ್ಪಿಲ್ಲ. ಆದರೆ ಹಡಗಿನ ಪೆಟ್ಟಿಗೆಗೆ ಜೀವವಿಲ್ಲ, ಇದಕ್ಕಿದೆ. ಇದು ಹುಟ್ಟುತ್ತದೆ, ಕೆಲಸ ಮಾಡುತ್ತದೆ, ಸಾಯುತ್ತದೆ.

ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಪಿಡಿಪಿ-7 ಎಂಬ ಆ ಕಾಲಕ್ಕೇ ಹಳತಾಗಿದ್ದ ಯಂತ್ರದ ಮೇಲೆ ಯುನಿಕ್ಸ್ ಕಟ್ಟಲು ಶುರುಮಾಡಿದರು. ಮೊದಲ ದಿನಗಳಲ್ಲಿ ಅದರಲ್ಲಿ ಇದ್ದದ್ದು ಎರಡೇ ಪ್ರೊಸೆಸ್, ಯಂತ್ರಕ್ಕೆ ಜೋಡಿಸಿದ್ದ ಎರಡು ಟರ್ಮಿನಲ್‌ಗಳಿಗೆ ಒಂದೊಂದು. ನಮ್ಮ ಆಜ್ಞೆ ಓದುವ ಪ್ರೋಗ್ರಾಂಗೆ ಶೆಲ್ ಎಂದು ಹೆಸರು. ಆಜ್ಞೆ ಕೊಟ್ಟೊಡನೆ ಶೆಲ್ ತನ್ನ ಮೇಲೆಯೇ ಹೊಸ ಪ್ರೋಗ್ರಾಂ ಬರೆಸಿಕೊಂಡು ಅಳಿದುಹೋಗುತ್ತಿತ್ತು, ಆ ಪ್ರೋಗ್ರಾಂ ಮುಗಿದ ಮೇಲೆ ಶೆಲ್ಲಿನ ಹೊಸ ಪ್ರತಿಯೊಂದು ಬಂದು ಕೂರುತ್ತಿತ್ತು. ಆಮೇಲೆ ಫೋರ್ಕ್ ಬಂತು. ಒಂದು ಪ್ರೊಸೆಸ್ ತನ್ನದೇ ಪಡಿಯಚ್ಚನ್ನು ಹುಟ್ಟಿಸುವ ವಿಧಾನವದು. ಪಿಡಿಪಿ-7ರಲ್ಲಿ ಅದಕ್ಕೆ ಬೇಕಾದದ್ದು 27 ಸಾಲು ಅಸೆಂಬ್ಲಿ ಕೋಡ್. ಅಲ್ಲಿಂದ ಮುಂದೆ ಪ್ರೊಸೆಸ್‌ಗಳ ಲೋಕದಲ್ಲಿ ಹೆತ್ತವರು, ಮಕ್ಕಳು ಎಂಬ ಸಂಬಂಧವಾಚಕಗಳು ನೆಲೆಯೂರಿದವು.

ಇದನ್ನೆಲ್ಲ ರಿಚಿ 1979ರಲ್ಲಿ ಸಿಡ್ನಿಯ ಸಮ್ಮೇಳನವೊಂದರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಹೇಳಿಕೊಂಡಿದ್ದಾರೆ. ಇಂಥ ತಾಂತ್ರಿಕ ಪ್ರಬಂಧಗಳಲ್ಲಿ ಅಪರೂಪವಾದ ಹಗುರು, ತನ್ನ ತಪ್ಪುಗಳ ಬಗ್ಗೆ ನಗು ಅದರಲ್ಲಿದೆ. ಫೋರ್ಕ್ ಬಂದ ಮೇಲೆ ಡೈರೆಕ್ಟರಿ ಬದಲಿಸುವ ಆಜ್ಞೆ ಇದ್ದಕ್ಕಿದ್ದ ಹಾಗೆ ಕೆಲಸ ನಿಲ್ಲಿಸಿತಂತೆ. ಎಷ್ಟೋ ತಲೆಕೆರೆದುಕೊಂಡ ಮೇಲೆ ಗೊತ್ತಾಯಿತು: ಆಜ್ಞೆಯನ್ನು ಈಗ ಓಡಿಸುವುದು ಶೆಲ್ ಅಲ್ಲ, ಅದರ ಮಗು. ಮಗು ತನ್ನ ಡೈರೆಕ್ಟರಿಯನ್ನು ಸರಿಯಾಗಿಯೇ ಬದಲಿಸಿಕೊಳ್ಳುತ್ತದೆ, ಮರುಕ್ಷಣ ಸಾಯುತ್ತದೆ, ಬದಲಾವಣೆಯೂ ಅದರ ಜೊತೆಗೇ ಹೋಗುತ್ತದೆ. ಇವತ್ತು ಕಂಟೈನರ್ ಒಳಗೆ ಕಡತ ಬರೆದು, ಕಂಟೈನರ್ ತೆಗೆದ ಮೇಲೆ ಕಡತವೆಲ್ಲಿ ಎಂದು ಹುಡುಕುವ ಹೊಸಬರನ್ನು ಕಂಡಾಗ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಅದೇ ಪ್ರಬಂಧದಲ್ಲಿ ಇನ್ನೊಂದು ವಿವರವಿದೆ. ಯಂತ್ರ ಶುರುವಾದಾಗ ಮೊದಲು ಓಡುವ ಪ್ರೊಸೆಸ್‌ನ ಸಂಖ್ಯೆ 1. ಅದಕ್ಕೆ ಮುಂದೆ ಇನಿಟ್ ಎಂಬ ಹೆಸರು ನಿಂತಿತು. ಅದು ಪ್ರತಿ ಟರ್ಮಿನಲ್ಲಿಗೂ ಒಂದೊಂದು ಶೆಲ್ ಹುಟ್ಟಿಸಿ, ಕಿವಿಗೊಟ್ಟು ಕೂರುತ್ತಿತ್ತು. ಬಳಕೆದಾರ ಎದ್ದುಹೋದಾಗ ಆ ಟರ್ಮಿನಲ್ಲಿನ ಶೆಲ್ ತಾನು ಮುಗಿಯುತ್ತಿದ್ದೇನೆ ಎಂಬ ಸಂದೇಶವನ್ನು 1ಕ್ಕೆ ಕಳಿಸಿ ಸಾಯುತ್ತಿತ್ತು. 1 ಅದೇ ಜಾಗದಲ್ಲಿ ಹೊಸ ಶೆಲ್ ಹುಟ್ಟಿಸುತ್ತಿತ್ತು. ಇವತ್ತಿನ ದೊಡ್ಡ ವ್ಯವಸ್ಥೆಗಳು ಸಾವಿರಾರು ಕಂಟೈನರ್‌ಗಳನ್ನು ಕಾಯುವ ಕ್ರಮದ ತಿರುಳು ಇದೇ. ನಮ್ಮಲ್ಲಿ ಮನೆಯಿಂದ ಹೊರಡುವವರು ಬರೀ 'ಹೋಗ್ತೀನಿ' ಎಂದರೆ ಹಿರಿಯರು ಗದರುತ್ತಾರೆ, 'ಹೋಗಿ ಬರ್ತೀನಿ' ಅನ್ನಬೇಕು. ಆ ಶೆಲ್ ಹೇಳುತ್ತಿದ್ದದ್ದು ಅದನ್ನೇ.

ಆದರೆ ಅದು ತಾನಾಗಿ ಹೊರಡುವವರ ಮಾತಾಯಿತು. ಹೊರಡು ಎಂದು ಇನ್ನೊಬ್ಬರು ಹೇಳಬೇಕಾದರೆ? ಅದಕ್ಕೆಂದು ಯುನಿಕ್ಸ್‌ನಲ್ಲಿ ಇರುವುದು ಸಿಗ್ನಲ್. ಒಂದು ಪ್ರೊಸೆಸ್ ಇನ್ನೊಂದಕ್ಕೆ ಕಳಿಸಬಹುದಾದ, ಬರೀ ಒಂದು ಸಂಖ್ಯೆಯಷ್ಟೇ ಇರುವ ಸುದ್ದಿ. 1975ರ 6ನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಈ ಪಟ್ಟಿ 13ಕ್ಕೆ ನಿಲ್ಲುತ್ತದೆ. ಅದರಲ್ಲಿ 9 ಇದೆ. 9 ಎಂದರೆ ಕೊಲ್ಲು. ಉಳಿದ ಸಿಗ್ನಲ್‌ಗಳನ್ನು ಪ್ರೊಸೆಸ್ ಹಿಡಿದುಕೊಂಡು ತನಗೆ ತೋಚಿದ್ದನ್ನು ಮಾಡಬಹುದು, 9ನ್ನು ಹಿಡಿಯುವ ಹಾಗಿಲ್ಲ. ಅದು ಪ್ರೊಸೆಸ್‌ನ ಕಿವಿಗೇ ಬೀಳುವುದಿಲ್ಲ, ವ್ಯವಸ್ಥೆಯ ತಿರುಳಾದ ಕರ್ನಲ್ ಅದನ್ನು ಇದ್ದಲ್ಲೇ ಮುಗಿಸುತ್ತದೆ. ಆ ಪಟ್ಟಿಯಲ್ಲಿ 15 ಇಲ್ಲ. 15 ಬಂದದ್ದು 1979ರ 7ನೇ ಆವೃತ್ತಿಯಲ್ಲಿ. 15 ಎಂದರೆ ಕೋರಿಕೆ: ಮುಗಿಸಿಕೋ, ಕೈಯಲ್ಲಿರುವ ಕೆಲಸ ಇಟ್ಟು, ತೆರೆದ ಕಡತ ಮುಚ್ಚಿ ಹೊರಡು. ಇದನ್ನು ಪ್ರೊಸೆಸ್ ಹಿಡಿದುಕೊಳ್ಳಬಹುದು, ಬೇಕಾದರೆ ಕಡೆಗಣಿಸಲೂಬಹುದು. ಸಿಗ್ನಲ್ ಕಳಿಸುವ ಆಜ್ಞೆಯ ಹೆಸರು ಮಾತ್ರ ಕಿಲ್ ಎಂದೇ ಉಳಿಯಿತು. ಆದರೆ 7ನೇ ಆವೃತ್ತಿಯಿಂದ, ಸಂಖ್ಯೆ ಹೇಳದೆ ಆ ಆಜ್ಞೆ ಕೊಟ್ಟರೆ ಹೋಗುವುದು 15.

ಅಂದರೆ ಕೊಲ್ಲುವುದು ಮೊದಲು ಬಂತು, ಕೇಳುವುದು ಆಮೇಲೆ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆಶ್ಚರ್ಯವಾದದ್ದು ಬೇರೆ. ಕಂಟೈನರ್ ಚರಿತ್ರೆ ಬರೆಯುವವರೆಲ್ಲ ಮೊದಲ ಗೋಡೆ ಎಂದು ಹೆಸರಿಸುವ ಸಿಎಚ್‌ರೂಟ್, ಅಂದರೆ ಒಂದು ಪ್ರೊಸೆಸ್‌ಗೆ ಇಡೀ ಕಡತಲೋಕದ ಬದಲು ಅದರ ಒಂದು ಮೂಲೆಯನ್ನೇ ಲೋಕವೆಂದು ತೋರಿಸುವ ಉಪಾಯ, ಅದೂ ಕಾಣಿಸಿಕೊಂಡದ್ದು ಇದೇ 7ನೇ ಆವೃತ್ತಿಯಲ್ಲಿ. ಗೋಡೆಯೂ ಕೋರಿಕೆಯೂ ಒಂದೇ ವರ್ಷದ ಮಕ್ಕಳು. ಒಂದರ ಹುಟ್ಟುಹಬ್ಬವನ್ನು ಎಲ್ಲರೂ ಆಚರಿಸುತ್ತಾರೆ, ಇನ್ನೊಂದರದ್ದು ಯಾರಿಗೂ ನೆನಪಿಲ್ಲ.

ಇನ್ನು ಸತ್ತವರ ಲೆಕ್ಕ. ಯುನಿಕ್ಸ್‌ನಲ್ಲಿ ಪ್ರೊಸೆಸ್ ಸತ್ತೊಡನೆ ಪೂರ್ತಿ ಅಳಿಸಿಹೋಗುವುದಿಲ್ಲ. ಅದರ ನೆನಪಿನ ಜಾಗ, ಕಡತಗಳೆಲ್ಲ ವಾಪಸಾಗುತ್ತವೆ. ಆದರೆ ಕರ್ನಲ್ಲಿನ ಪಟ್ಟಿಯಲ್ಲಿ ಅದರ ಹೆಸರೂ ಹೇಗೆ ಸತ್ತಿತೆಂಬ ಸಂಖ್ಯೆಯೂ ಉಳಿದಿರುತ್ತವೆ. ಹೆತ್ತ ಪ್ರೊಸೆಸ್ ಬಂದು ವೇಟ್ ಎಂಬ ಕರೆ ಮಾಡಿ ಆ ಸಂಖ್ಯೆಯನ್ನು ಕೇಳಿ ಪಡೆದ ಮೇಲಷ್ಟೇ ಹೆಸರು ಅಳಿಯುತ್ತದೆ. ಅಲ್ಲಿಯವರೆಗೆ ಅದು ಸತ್ತಿದ್ದರೂ ಪಟ್ಟಿಯಲ್ಲಿದೆ. ಇಂಥದನ್ನು ಇಂಗ್ಲಿಷಿನಲ್ಲಿ ಜಾಂಬಿ ಎನ್ನುತ್ತಾರೆ. ಹೊಸಬರಿಗೆ ಪಾಠ ಮಾಡುವಾಗ ನಾನು ಪ್ರೇತ ಎನ್ನುತ್ತೇನೆ, ಮತ್ತು ಅದೇ ಸರಿಯಾದ ಪದ ಎಂದು ವಾದ ಮಾಡಲೂ ತಯಾರಿದ್ದೇನೆ. ಜಾಂಬಿ ಎದ್ದು ಬಂದು ಕಚ್ಚುತ್ತದೆ, ಇದು ಏನೂ ಮಾಡುವುದಿಲ್ಲ. ಉತ್ತರಕ್ರಿಯೆ ಆಗದೆ ನಿಂತುಹೋಗಿದೆ, ಅಷ್ಟೇ. ವ್ಯತ್ಯಾಸವೆಂದರೆ ನಮ್ಮಲ್ಲಿ ತಂದೆಗೆ ಮಗ ಕ್ರಿಯೆ ಮಾಡುತ್ತಾನೆ, ಇಲ್ಲಿ ಮಗುವಿಗೆ ಹೆತ್ತವರು ಮಾಡಬೇಕು. ಹೆತ್ತವರೇ ಮೊದಲು ಸತ್ತರೆ? ಅನಾಥ ಪ್ರೊಸೆಸ್‌ಗಳನ್ನು ಸಂಖ್ಯೆ 1 ದತ್ತು ತೆಗೆದುಕೊಳ್ಳುತ್ತದೆ, ಅವು ಸತ್ತಾಗ ಅದೇ ಕ್ರಿಯೆ ಮುಗಿಸುತ್ತದೆ. ಹೀಗೆ 1 ಎಂಬುದು ಬರೀ ಕ್ರಮಸಂಖ್ಯೆಯಲ್ಲ, ಯಜಮಾನಿಕೆ. ಹುಟ್ಟಿಸುವುದು, ಸತ್ತವರ ಲೆಕ್ಕ ಮುಗಿಸುವುದು, ಯಂತ್ರ ಮುಚ್ಚುವ ಹೊತ್ತಿಗೆ ಎಲ್ಲರಿಗೂ 15 ಕಳಿಸಿ, ತುಸು ಕಾದು, ಉಳಿದವರಿಗೆ 9 ಕಳಿಸುವುದು ಎಲ್ಲ ಅದರ ತಲೆಯ ಮೇಲೆ.

ಗೋಡೆಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ. 2000ದಲ್ಲಿ ಫ್ರೀಬಿಎಸ್‌ಡಿ 4.0ರ ಜೊತೆ ಪೌಲ್-ಹೆನ್ನಿಂಗ್ ಕಾಂಪ್ ರೂಪಿಸಿದ ಜೈಲ್ ಬಂತು. 2005ರಲ್ಲಿ ಸೊಲಾರಿಸ್ 10ರ ಜೋನ್‌ಗಳು ಬಂದವು. ಲಿನಕ್ಸ್‌ನಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಶುರುಮಾಡಿದ, ಪ್ರೊಸೆಸ್‌ಗಳ ಗುಂಪಿಗೆ ಇಷ್ಟೇ ಸಂಪನ್ಮೂಲ ಎಂದು ಮಿತಿ ಹಾಕುವ ಕೆಲಸವು 2008ರ ಜನವರಿಯ 2.6.24 ಕರ್ನಲ್‌ನಲ್ಲಿ ಸೇರಿತು. ಮೊದಲು ಅದನ್ನು ಪ್ರೊಸೆಸ್ ಕಂಟೈನರ್ ಎನ್ನುತ್ತಿದ್ದರು. ಕಂಟೈನರ್ ಎಂಬ ಮಾತಿಗೆ ಆಗಲೇ ಹಲವು ಅರ್ಥಗಳಿದ್ದು ಗೊಂದಲವಾಗುತ್ತದೆಂದು ಕಂಟ್ರೋಲ್ ಗ್ರೂಪ್ ಎಂದು ಬದಲಿಸಿದರು. ಗುಂಪಿನ ಮೆಮೊರಿಗೆ ಮಿತಿ ಹಾಕುವ ಭಾಗದ ಮುಖ್ಯ ಕೆಲಸ ಐಬಿಎಂನ ಭಾರತದ ಲಿನಕ್ಸ್ ತಂಡದಲ್ಲಿದ್ದ ಬಲ್ಬೀರ್ ಸಿಂಗ್ ಅವರದು. ಅದೂ 2008ರಲ್ಲೇ ಸೇರಿತು. ಮಿತಿ ಮೀರಿ ಮೆಮೊರಿ ಕೇಳಿದ ಗುಂಪಿನಲ್ಲಿ ಯಾವುದಾದರೂ ಪ್ರೊಸೆಸ್ಸನ್ನು ಕರ್ನಲ್ ಕೊಲ್ಲುತ್ತದೆ. ಅಲ್ಲಿ ಕೋರಿಕೆಯಿಲ್ಲ, ನೇರ 9.

ನನ್ನ 137ಕ್ಕೆ ಇಲ್ಲಿ ನಂಟಿದೆ. ಸಿಗ್ನಲ್‌ನಿಂದ ಸತ್ತ ಪ್ರೊಸೆಸ್‌ನ ಸಂಖ್ಯೆಯನ್ನು 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ತೋರಿಸುವುದು ಶೆಲ್‌ಗಳ ಹಳೆಯ ರೂಢಿ. 128ಕ್ಕೆ 9 ಸೇರಿಸಿದರೆ 137. 15ರಿಂದ ಸತ್ತಿದ್ದರೆ 143 ಎಂದಿರುತ್ತಿತ್ತು. ಅಂದರೆ ನಮ್ಮ ಕಂಟೈನರ್‌ಗಳನ್ನು ಯಾರೋ ಕೊಲ್ಲುತ್ತಿದ್ದರು. 137 ಕಂಡ ಹತ್ತರಲ್ಲಿ ಒಂಬತ್ತು ಜನ ಮೆಮೊರಿ ಸಾಲಲಿಲ್ಲ ಎನ್ನುತ್ತಾರೆ, ನಾನೂ ಹಾಗೇ ಅಂದುಕೊಂಡೆ. ಮಿತಿಯನ್ನು ಎರಡರಷ್ಟು ಮಾಡಿದೆ. ಮುಂದಿನ ಮಂಗಳವಾರವೂ ಅಷ್ಟೇ ರಸೀದಿ ಕಾಣೆಯಾದವು. ತಿಂಗಳ ಬಿಲ್ಲು ಮಾತ್ರ ಏರಿತು.

ತಂಡದಲ್ಲಿ ಶಿವಮೊಗ್ಗದ ಕಡೆಯ ಒಬ್ಬ ಹುಡುಗಿಯಿದ್ದಳು, ಕೆಲಸಕ್ಕೆ ಸೇರಿ ಆರು ತಿಂಗಳಾಗಿರಲಿಲ್ಲ. ಅವಳು ದಾಖಲೆಯ ಹೊತ್ತುಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡು ಬಂದು, "ಸರ್, ಪ್ರತಿ ಸಲಾನೂ ಸರಿಯಾಗಿ ಮೂವತ್ತು ಸೆಕೆಂಡ್ ನೋಡಿ. ಇಪ್ಪತ್ತೊಂಬತ್ತೂ ಇಲ್ಲ, ಮೂವತ್ತೊಂದೂ ಇಲ್ಲ. ಮೆಮೊರಿ ಹೀಗೆ ಗಡಿಯಾರ ನೋಡ್ಕೊಂಡು ಖಾಲಿ ಆಗಲ್ಲ ಅಲ್ವಾ?" ಎಂದಳು.

ಮೂವತ್ತು ಸೆಕೆಂಡಿನ ಅರ್ಥ ಗೊತ್ತಾಗಬೇಕಾದರೆ 2013ಕ್ಕೆ ಬರಬೇಕು. ಆ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಡಾಟ್‌ಕ್ಲೌಡ್ ಕಂಪನಿಯ ಸಾಲೊಮನ್ ಹೈಕ್ಸ್ ಐದು ನಿಮಿಷದ ಸಣ್ಣ ಮಾತಿನಲ್ಲಿ ಡಾಕರ್ ಎಂಬುದನ್ನು ತೋರಿಸಿದ. ಅವನು ಓಡಿಸಿದ ಕಂಟೈನರ್ 'ಹಲೋ ವರ್ಲ್ಡ್' ಎಂದು ಹೇಳಿ ಸತ್ತುಹೋಯಿತು. ಅಷ್ಟೇ. ಆದರೆ ಆ ಅಷ್ಟೇ ಎಂಬುದರಲ್ಲೇ ಒಂದು ಪಲ್ಲಟವಿತ್ತು. ಸೊಲಾರಿಸ್ ಜೋನ್ ಎಂದರೆ ಒಂದು ಪುಟ್ಟ ಯಂತ್ರ, ಅದಕ್ಕೆ ತನ್ನದೇ ಇನಿಟ್ ಇತ್ತು. 2008ರಲ್ಲಿ ಬಂದ ಎಲ್‌ಎಕ್ಸ್‌ಸಿ ಕಂಟೈನರ್‌ಗಳಲ್ಲೂ ಸಾಮಾನ್ಯವಾಗಿ ಹಾಗೇ. ಬೇಲಿಯೊಳಗೆ ಮನೆ, ಮನೆಗೊಬ್ಬ ಯಜಮಾನ. ಡಾಕರ್ ಮನೆಯನ್ನು ಬಿಟ್ಟು ಒಬ್ಬನೇ ಕೆಲಸಗಾರನನ್ನು ಬೇಲಿಯೊಳಗೆ ಕೂರಿಸಿತು. ಒಂದು ಕಂಟೈನರ್‌ಗೆ ಒಂದು ಪ್ರೋಗ್ರಾಂ. ಆ ಪ್ರೋಗ್ರಾಂ ಇರುವಷ್ಟು ಹೊತ್ತು ಕಂಟೈನರ್ ಇರುತ್ತದೆ, ಅದು ಹೋದರೆ ಕಂಟೈನರೂ ಹೋಯಿತು. ಸರಳ, ಹಗುರ, ಕಣ್ಣುಮುಚ್ಚಿ ತೆಗೆಯುವುದರಲ್ಲಿ ಶುರು. ಜಗತ್ತು ಅದಕ್ಕೆ ಮರುಳಾಯಿತು.

ಬೇಲಿಯೊಳಗಿನ ಮೊದಲ ಪ್ರೊಸೆಸ್‌ನ ಸಂಖ್ಯೆ ಅಲ್ಲಿಯ ಮಟ್ಟಿಗೆ 1. ಅಂದರೆ ರಸೀದಿ ಬರೆಯುವುದಷ್ಟೇ ಗೊತ್ತಿರುವ ಗುಮಾಸ್ತನ ತಲೆಗೆ ಯಜಮಾನನ ಪೇಟ ಬಂದು ಕೂತಿತು. ಕ್ರಿಯೆ ಮಾಡುವುದು ಅವನಿಗೆ ಗೊತ್ತಿಲ್ಲ, ಪ್ರೇತಗಳು ಗುಂಪುಗೂಡುತ್ತವೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಯಜಮಾನ ಅಕಸ್ಮಾತ್ ಸಾಯಬಾರದೆಂದು ಕರ್ನಲ್ 1ಕ್ಕೆ ಒಂದು ರಕ್ಷಣೆ ಕೊಟ್ಟಿದೆ. ಬೇರೆ ಯಾವುದೇ ಪ್ರೊಸೆಸ್‌ಗೆ 15 ಬಂದರೆ, ಅದು ಏನೂ ಸಿದ್ಧತೆ ಮಾಡಿಕೊಂಡಿರದಿದ್ದರೂ, ಸಾಯುತ್ತದೆ. ಆದರೆ 1, ತಾನು 15ಕ್ಕೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಹೇಳಿರದಿದ್ದರೆ, 15 ಅದನ್ನು ಮುಟ್ಟುವುದೇ ಇಲ್ಲ. ಹೊರಗಿನಿಂದ 9 ಬಂದರೆ ಮಾತ್ರ ಸಾಯುತ್ತದೆ. 1 ಸತ್ತೊಡನೆ ಅದರ ಬೇಲಿಯೊಳಗಿನ ಎಲ್ಲ ಪ್ರೊಸೆಸ್‌ಗಳನ್ನೂ ಕರ್ನಲ್ 9ರಿಂದಲೇ ಮುಗಿಸುತ್ತದೆ.

ಈಗ ನಮ್ಮ ಕಂಟೈನರ್ ನೋಡಿ. ಪ್ರೋಗ್ರಾಂ ಶುರುಮಾಡುವ ಮುನ್ನ ಒಂದೆರಡು ಸಿದ್ಧತೆ ಬೇಕೆಂದು ಯಾರೋ, ಯಾರೋ ಏನು, ನಾನೇ, ಆರು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ಕೊನೆಯ ಸಾಲಿನಲ್ಲಿ ನಿಜವಾದ ಪ್ರೋಗ್ರಾಮಿನ ಹೆಸರು. ಹಾಗಾಗಿ 1 ಆಗಿದ್ದದ್ದು ಶೆಲ್, ನಮ್ಮ ಪ್ರೋಗ್ರಾಂ ಅದರ ಮಗು. ಮಂಗಳವಾರ ಸಂಜೆ ಕುಬರ್‌ನೆಟಿಸ್, ಅಂದರೆ ಕಂಟೈನರ್‌ಗಳನ್ನು ಹತ್ತಿಸಿ ಇಳಿಸುವ ಮೇಲ್ವಿಚಾರಕ ವ್ಯವಸ್ಥೆ, 15 ಕಳಿಸುತ್ತಿತ್ತು. ಅದು ಹೋಗಿ ತಲುಪುತ್ತಿದ್ದದ್ದು ಶೆಲ್‌ಗೆ. ಶೆಲ್ 15ರ ಬಗ್ಗೆ ಏನೂ ಹೇಳಿಕೊಂಡಿರಲಿಲ್ಲ, ಆದ್ದರಿಂದ ತಾನೂ ಸಾಯಲಿಲ್ಲ, ಮಗುವಿಗೂ ತಿಳಿಸಲಿಲ್ಲ. 15 ಬಂದಾಗ ಕೈಯಲ್ಲಿರುವುದನ್ನೆಲ್ಲ ದಾಖಲಿಸಿ ಮುಗಿಸಬೇಕೆಂದು ಪ್ರೋಗ್ರಾಮಿನೊಳಗೆ ನಾವು ಚೊಕ್ಕವಾಗಿ ಬರೆದಿದ್ದ ಭಾಗ ಒಂದು ಸಲವೂ ಓಡಿರಲಿಲ್ಲ. ಕುಬರ್‌ನೆಟಿಸ್ 30 ಸೆಕೆಂಡು ಕಾದು 9 ಕಳಿಸುತ್ತಿತ್ತು. ಬ್ಯಾಂಕಿನಿಂದ ಬಂದ ಸುದ್ದಿಗಳನ್ನು ನಾವು ನೂರಾದಾಗ ಅಥವಾ ಐದು ನಿಮಿಷಕ್ಕೊಮ್ಮೆ ಒಟ್ಟಿಗೆ ದಾಖಲಿಸುತ್ತಿದ್ದೆವು. ಆ ಕ್ಷಣದಲ್ಲಿ ನೆನಪಿನಲ್ಲಷ್ಟೇ ಇದ್ದವು ಹೋದವು. ಹಾವೇರಿಯ ಆ ಹುಡುಗಿಯ ಶುಲ್ಕ ಹೋದದ್ದು ಹಾಗೆ.

ಸರಿಮಾಡಲು ಬೇಕಾದದ್ದು ಒಂದೇ ಪದ. ಕೊನೆಯ ಸಾಲಿನ ಮೊದಲಿಗೆ ಎಕ್ಸೆಕ್ ಎಂದು ಸೇರಿಸಿದರೆ ಶೆಲ್ ಮಗುವನ್ನು ಹುಟ್ಟಿಸುವುದಿಲ್ಲ, ತಾನೇ ಆ ಪ್ರೋಗ್ರಾಂ ಆಗಿಬಿಡುತ್ತದೆ. ಪಿಡಿಪಿ-7ರ ಮೊದಲ ದಿನಗಳ ಶೆಲ್ ಮಾಡುತ್ತಿದ್ದ ಹಾಗೆ. ಇದು ನಮ್ಮೊಬ್ಬರ ಎಡವಟ್ಟೂ ಆಗಿರಲಿಲ್ಲ. ಇದೇ ತೊಂದರೆಗೆಂದು ಥಾಮಸ್ ಒರೊಜ್ಕೊ ಎಂಬಾತ ಟಿನಿ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದ. ಇನಿಟ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದರೆ ಟಿನಿ. ಬಂದ ಸಿಗ್ನಲ್ಲನ್ನು ಮಗುವಿಗೆ ದಾಟಿಸುವುದು, ಸತ್ತವರ ಕ್ರಿಯೆ ಮುಗಿಸುವುದು, ಎರಡೇ ಅದರ ಕೆಲಸ. 2017ರ ಜನವರಿಯ 1.13ರಿಂದ ಡಾಕರ್ ಅದನ್ನು ಜೊತೆಗೇ ಕೊಡತೊಡಗಿತು. ಇನಿಟ್ ಬೇಡವೆಂದು ಮನೆಯಿಂದ ಹೊರಹಾಕಿದವರು ನಾಲ್ಕು ವರ್ಷದೊಳಗೆ ಅದನ್ನು ಚಿಕ್ಕದು ಮಾಡಿ ಹಿತ್ತಲ ಬಾಗಿಲಿನಿಂದ ಕರೆದುಕೊಂಡರು.

ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಮಾತ್ರ ಇವತ್ತಿಗೂ ಒಮ್ಮತವಿಲ್ಲ. ಲಿನಕ್ಸ್‌ನ ಹಳೆಯ ಇನಿಟ್ 15ಕ್ಕೂ 9ಕ್ಕೂ ನಡುವೆ 5 ಸೆಕೆಂಡು ಕೊಡುತ್ತಿತ್ತು. ಡಾಕರ್ 10 ಕೊಡುತ್ತದೆ, ಕುಬರ್‌ನೆಟಿಸ್ 30, ಇವತ್ತಿನ ಲಿನಕ್ಸ್‌ಗಳಲ್ಲಿ ಇನಿಟ್ ಆಗಿರುವ ಸಿಸ್ಟಮ್‌ಡಿ 90. ಇವೆಲ್ಲ ಬೇರೆ ಹೇಳದಿದ್ದಾಗಿನ ಲೆಕ್ಕ, ಬದಲಿಸಿಕೊಳ್ಳಬಹುದು. ಕುಬರ್‌ನೆಟಿಸ್‌ನ ಪೂರ್ವಜ ಎನ್ನಬಹುದಾದ ಗೂಗಲ್‌ನ ಬೋರ್ಗ್ ವ್ಯವಸ್ಥೆಯ ಬಗ್ಗೆ 2015ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಒಂದು ಸಾಲಿದೆ, ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಹೆಚ್ಚು ಮುಖ್ಯವಾದ ಕೆಲಸಕ್ಕೆ ಜಾಗ ಬೇಕಾಗಿ ಒಂದನ್ನು ಎಬ್ಬಿಸುವಾಗ, ಅದು ಕೇಳಿಕೊಂಡಿದ್ದರೆ, 9ಕ್ಕೆ ಮೊದಲು 15ರ ಮುನ್ಸೂಚನೆ ಕೊಡುತ್ತಾರೆ. ಆ ಮುನ್ಸೂಚನೆ ತಲುಪುವುದು ಸುಮಾರು 80% ಸಲ. ಗೂಗಲ್‌ನಂಥವರ ಮನೆಯಲ್ಲೂ ಐದರಲ್ಲಿ ಒಂದು ಸಲ ಕೋರಿಕೆಯಿಲ್ಲದ ಸಾವು.

ಈ ಲೋಕದಲ್ಲಿ ಒಂದು ಹೋಲಿಕೆ ಬಹಳ ಓಡಾಡುತ್ತದೆ. ಹಳೆಯ ಸರ್ವರ್‌ಗಳು ಹೆಸರಿಟ್ಟು ಸಾಕಿದ ನಾಯಿಬೆಕ್ಕುಗಳಂತೆ, ಕಾಯಿಲೆ ಬಿದ್ದರೆ ಶುಶ್ರೂಷೆ ಮಾಡುತ್ತೇವೆ. ಈಗಿನವು ದನಗಳಂತೆ, ಹೆಸರಿಲ್ಲ, ನಂಬರಿದೆ, ಒಂದು ಹೋದರೆ ಇನ್ನೊಂದು. ಅಮೆರಿಕದ ದೊಡ್ಡ ದನದ ಫಾರಂ ಕಂಡವರಿಗೆ ಇದು ಸಹಜವಿರಬೇಕು. ಗೋವಿನ ಹಾಡು ಕೇಳಿ ಬೆಳೆದ ನಮಗೆ ಬಾಯಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಕಾಳಿಂಗನ ದೊಡ್ಡಿಯಲ್ಲಿ ಪ್ರತಿ ಹಸುವಿಗೂ ಹೆಸರಿದೆ, ಅವನು ಹೆಸರು ಹಿಡಿದೇ ಕರೆಯುತ್ತಾನೆ. ಪುಣ್ಯಕೋಟಿ ಹುಲಿಯನ್ನು ಕೇಳುವುದಾದರೂ ಏನನ್ನು? ಜೀವದಾನವನ್ನಲ್ಲ, ಸ್ವಲ್ಪ ಹೊತ್ತನ್ನು. ಕರುವಿಗೆ ಹಾಲು ಕೊಟ್ಟು, ಅದನ್ನು ಉಳಿದ ಹಸುಗಳಿಗೆ ಒಪ್ಪಿಸಿ ಬರುವಷ್ಟು ಹೊತ್ತು. ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, "ಸರ್, ಹಾಗಾದ್ರೆ ಅರ್ಬುತ ಕೊಟ್ಟಿದ್ದು ಗ್ರೇಸ್ ಪೀರಿಯಡ್" ಎಂದ. ಎಲ್ಲರೂ ನಕ್ಕರು. ಅದಾದ ಮೇಲೆ ಅವರಿಗೆ 15ನ್ನು ಬೇರೆ ಥರ ವಿವರಿಸುವ ಗೋಜಿಗೆ ನಾನು ಹೋಗಿಲ್ಲ.

ಆದರೆ ಎಲ್ಲ ಹುಲಿಗಳೂ ಹಾಗಿರುವುದಿಲ್ಲ ಎಂದು ವಾದಿಸಿದವರಿದ್ದಾರೆ. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾರ್ಜ್ ಕ್ಯಾಂಡಿಯಾ ಮತ್ತು ಆರ್ಮಾಂಡೊ ಫಾಕ್ಸ್ ಒಂದು ಸಣ್ಣ ಪ್ರಬಂಧ ಬರೆದರು. ಅವರ ವಾದ ಇದು: ವಿದ್ಯುತ್ ಹೋಗುತ್ತದೆ, ಯಂತ್ರ ಸುಡುತ್ತದೆ, ಮೆಮೊರಿ ತುಂಬುತ್ತದೆ. ಕೆಟ್ಟ ಸಾವನ್ನು ಹೇಗೂ ತಡೆದುಕೊಳ್ಳಲೇಬೇಕು. ಹಾಗಿದ್ದ ಮೇಲೆ ಒಳ್ಳೆಯ ಸಾವಿಗೆಂದು ಬೇರೆ ದಾರಿ ಕಟ್ಟುವುದೇಕೆ? ನಿಲ್ಲಿಸುವುದೆಂದರೆ ಕೊಲ್ಲುವುದು, ಶುರುಮಾಡುವುದೆಂದರೆ ಚೇತರಿಸಿಕೊಳ್ಳುವುದು ಎಂದೇ ಇಟ್ಟುಕೊಂಡು ಪ್ರೋಗ್ರಾಂ ಬರೆಯಿರಿ. ಮೊದಲ ಸಲ ಓದಿದಾಗ ಇದು ಕಠೋರವೆನಿಸಿತ್ತು. ಹಾವೇರಿಯ ಕರೆಯ ನಂತರ ಓದಿದಾಗ ಹಾಗನಿಸಲಿಲ್ಲ. ಆ ಹುಡುಗಿಯ ಶುಲ್ಕವನ್ನು ಕಳೆದದ್ದು 9 ಅಲ್ಲ. ದಾಖಲಿಸುವ ಮುನ್ನವೇ ಬ್ಯಾಂಕಿಗೆ 'ಆಯಿತು, ತಲುಪಿತು' ಎಂದು ನಾವು ಹೇಳುತ್ತಿದ್ದೆವಲ್ಲ, ಅದು. 15 ತಲುಪಿದ್ದರೆ ನಮ್ಮ ಆ ಸುಳ್ಳು ಮುಚ್ಚಿಹೋಗುತ್ತಿತ್ತು, ಅಷ್ಟೇ. ಮುಂದೊಂದು ದಿನ ವಿದ್ಯುತ್ ಹೋದಾಗ ಮತ್ತೆ ಬಯಲಾಗುತ್ತಿತ್ತು.

ಹಾಗಾಗಿ ಎರಡನ್ನೂ ಮಾಡಿದೆವು. ಎಕ್ಸೆಕ್ ಸೇರಿಸಿದೆವು. ಮೊದಲು ದಾಖಲೆ, ಆಮೇಲೆ ಬ್ಯಾಂಕಿಗೆ ಉತ್ತರ ಎಂದು ಕ್ರಮ ಬದಲಿಸಿದೆವು. ವೇಗ ತುಸು ಕಡಿಮೆಯಾಯಿತು, ಮೇಲಿನವರು ಕೇಳಿದರು, ಕಾರಣ ಹೇಳಿದೆವು. ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಮೂರು ತಿಂಗಳಲ್ಲಿ ಹೀಗೆ ಕಾಣೆಯಾದ ಇನ್ನೂ ಹದಿನೇಳು ಜನ ಸಿಕ್ಕರು. ಅವರಲ್ಲಿ ಕೆಲವರು ನಮಗೆ ಕರೆಯನ್ನೇ ಮಾಡಿರಲಿಲ್ಲ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಹೆಚ್ಚಿನವರು ಕಾಲೇಜಿಗೆ ಹೋಗಿ ಜಗಳವಾಡಿ ಹೇಗೋ ಸರಿಮಾಡಿಕೊಂಡಿದ್ದರು. ಇಬ್ಬರು ಸಾಲ ತಂದು ಎರಡನೇ ಸಲ ಕಟ್ಟಿದ್ದರು. ಒಬ್ಬ ಹುಡುಗ ಆ ಸೀಟು ಬಿಟ್ಟು ಊರಿನ ಹತ್ತಿರದ ಬೇರೆ ಕಾಲೇಜಿಗೆ ಸೇರಿದ್ದ. ಹಣ ವಾಪಸು ಕಳಿಸುತ್ತೇವೆ ಎಂದೆ. "ಹೂಂ ಸರ್" ಎಂದ. ಇನ್ನೇನು ಹೇಳುವುದೆಂದು ನನಗೂ ತೋಚಲಿಲ್ಲ.

ಮುಂದಿನ ಮಂಗಳವಾರ ಕಂಟೈನರ್‌ಗಳು ಎರಡೇ ಸೆಕೆಂಡಿನಲ್ಲಿ ನಿಂತವು. ಎದುರಿಗೆ 137 ಇರಲಿಲ್ಲ, 0 ಇತ್ತು. ನೆಮ್ಮದಿಯಾಗಿ ಮನೆಗೆ ಹೊರಟೆವು. ಮರುದಿನ ನೋಡಿದರೆ, ನಿಲ್ಲುವ ಆ ಹೊತ್ತಿನಲ್ಲೇ ಬ್ಯಾಂಕಿನ ಕೆಲವು ಕರೆಗಳು ಬಾಗಿಲು ಮುಚ್ಚಿದೆ ಎಂಬ ಉತ್ತರ ಪಡೆದು ಹಿಂದಿರುಗಿದ್ದವು. ಬ್ಯಾಂಕು ಮತ್ತೆ ಪ್ರಯತ್ನಿಸಿದ್ದರಿಂದ ಏನೂ ಕಳೆಯಲಿಲ್ಲ. ಇದಕ್ಕೂ ಕಾರಣವಿದೆ. ಕುಬರ್‌ನೆಟಿಸ್ ಒಂದು ಕಂಟೈನರ್‌ಗೆ ಹೊರಡು ಎಂದು ಹೇಳುವುದೂ, ಇನ್ನು ಅಲ್ಲಿಗೆ ಯಾರನ್ನೂ ಕಳಿಸಬೇಡಿ ಎಂದು ಉಳಿದವರಿಗೆ ಹೇಳುವುದೂ ಒಟ್ಟೊಟ್ಟಿಗೆ ನಡೆಯುತ್ತವೆ. ಎರಡನೆಯ ಸುದ್ದಿ ಎಲ್ಲ ಕಡೆ ಹಬ್ಬಲು ತುಸು ತಡವಾಗುತ್ತದೆ. ನಮ್ಮ ಪ್ರೋಗ್ರಾಂ ಈಗ ಎಷ್ಟು ವಿಧೇಯವಾಗಿತ್ತೆಂದರೆ, ಕೇಳಿದ ತಕ್ಷಣ ಬಾಗಿಲೆಳೆದು ಹೊರಟುಬಿಡುತ್ತಿತ್ತು, ಬರುವವರು ಇನ್ನೂ ದಾರಿಯಲ್ಲಿರುವಾಗಲೇ. ಶುರುವಾಗುವಾಗಲೂ ಇದೇ ಥರದ ಎಡವಟ್ಟು ಇರುತ್ತದೆ. ಜೀವ ಬಂದಿದೆ ಎಂಬುದೂ ಕೆಲಸಕ್ಕೆ ಸಿದ್ಧವಿದೆ ಎಂಬುದೂ ಬೇರೆ ಬೇರೆ, ಹಾಗಾಗಿ ಕುಬರ್‌ನೆಟಿಸ್ ಈ ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಇಟ್ಟಿದೆ. ಹೊರಡುವ ಕಡೆಗೆ ಇರುವುದು, 15 ಕಳಿಸುವ ಮುನ್ನ ಏನಾದರೂ ಮಾಡಿಸುವ ಒಂದು ಅವಕಾಶ. ಜಗತ್ತಿನಾದ್ಯಂತ ಜನ ಅಲ್ಲಿ ಬರೆಯುವುದು ಬಹುತೇಕ ಒಂದೇ ಆಜ್ಞೆ, ಮಲಗು. ನಾವೂ ಅದನ್ನೇ ಬರೆದೆವು, 5 ಸೆಕೆಂಡು. 2023ರ ಕೊನೆಯಲ್ಲಿ ಬಂದ ಕುಬರ್‌ನೆಟಿಸ್ 1.29ರಲ್ಲಿ, ಹೀಗೆ ಮಲಗುವುದಕ್ಕೆಂದೇ ಪ್ರತ್ಯೇಕ ಏರ್ಪಾಡು ಸೇರಿಸಿದ್ದನ್ನು ಕಂಡು ಶಿವಮೊಗ್ಗದ ಆ ಹುಡುಗಿ ನನಗೆ ಸಂದೇಶ ಕಳಿಸಿದ್ದಳು. ಅವಳೀಗ ಬೇರೆ ಕಂಪನಿಯಲ್ಲಿದ್ದಾಳೆ. "ಸರ್, ಐದು ಸೆಕೆಂಡ್ ಸುಮ್ನೆ ಇರೋದಕ್ಕೆ ಕೊನೆಗೂ ಒಂದು ಹೆಸರು ಬಂತು ನೋಡಿ" ಎಂದು ಬರೆದಿದ್ದಳು.